ಹೆಂಚಿನ ಮನೆ ಸೋರುತ್ತಿದೆ, ಮಾಡೇ ಬಿಚ್ಚಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಕಟ್ಟಿ 60 ವರ್ಷ ದಾಟಿದೆ. ಈ ಮಳೆಗಾಲ ನಾಲ್ಕು ಕಡೆ ಸೋರಿತು, ಅಡುಗೆಮನೆಯಲ್ಲಿ ಜಾಸ್ತಿ. ಹೆಂಚು ಕೈಯಾಡಿಸಿದರೆ, ಅಂದರೆ ಒಡೆದದ್ದು ಬದಲಿಸಿ ಸರಿದದ್ದು ಕೂರಿಸಿದರೆ ಸಾಕು ಅಂತ ಅಪ್ಪ. ಪೂರ್ತಿ ಬಿಚ್ಚಿ ಶೀಟ್ ಹಾಕೋಣ ಅಂತ ತಮ್ಮ. ಮಾಡು (ಚಾವಣಿ) ಬದಲಿಸುವ ಕಾಲ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಒಂದು ಮಾತು. ನಾಲ್ಕು ಕಡೆ ಸೋರಿತು ಅನ್ನುವುದರಿಂದ ನನಗೆ ಏನೂ ಗೊತ್ತಾಗಲಿಲ್ಲ. ನಿಜವಾಗಿ. ಹೊಸ ಮಾಡೂ ಸೋರುತ್ತದೆ. ಒಂದು ಮಂಗ ಒಂದು ಹೆಂಚು ಸರಿಸಿದರೆ ಸಾಕು. ಹಾಗೇ ಒಂದು ಹನಿಯೂ ಸೋರದ ಮನೆಯ ಮಾಡು ಒಳಗೊಳಗೇ ಲಡ್ಡಾಗಿ, ಅಂದರೆ ಮರ ಕೊಳೆತು, ಇನ್ನೆರಡು ಮಳೆಗಾಲ ತಡೆಯುವುದಿಲ್ಲ ಅನ್ನುವ ಸ್ಥಿತಿಯಲ್ಲಿ ಇರುವುದನ್ನೂ ನಾನು ನೋಡಿದ್ದೇನೆ. ನೀವು ಸೋರುವುದನ್ನು ನೋಡುತ್ತಿದ್ದೀರಿ. ನೋಡಬೇಕಾದ್ದು ಹೆಂಚಿನ ಕೆಳಗಿನ ಮರವನ್ನು.

ನಮ್ಮ ಕಡೆ ಮಾಡು ಅಂದರೆ ಹೆಂಚು ಅಂತಲೇ ಎಲ್ಲರ ಲೆಕ್ಕ. ಆದರೆ ಹೆಂಚು ಬರೀ ಅಂಗಿ. ಚೆನ್ನಾಗಿ ಸುಟ್ಟ ಮಂಗಳೂರು ಹೆಂಚು ಅಷ್ಟು ಬೇಗ ಸಾಯುವುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹಳೆ ಕಾರ್ಖಾನೆಗಳ ಅಚ್ಚಿನ ಗುರುತಿರುವ ಹೆಂಚುಗಳು ಇವತ್ತಿಗೂ ಮಲೆನಾಡಿನ ಎಷ್ಟೋ ಮನೆಗಳ ಮೇಲೆ ಗಟ್ಟಿಯಾಗಿ ಕೂತಿವೆ. ಅವುಗಳ ಅಡಿಯ ರೀಪು, ಅಂದರೆ ಹೆಂಚು ಕೂರುವ ಅಡ್ಡಪಟ್ಟಿ ಮಾತ್ರ ಎರಡು ಮೂರು ಸಲ ಬದಲಾಗಿರುತ್ತದೆ. ಹಾಗಾಗಿ 60 ವರ್ಷ ಆಯಿತು ಅಂತ ಹೆದರಬೇಡಿ. ಯಾವ ಮರ ಹಾಕಿದ್ದರು, ಅದಕ್ಕೆ ಎಷ್ಟು ನೀರು ಕುಡಿಸಿದ್ದೀರಿ, ಲೆಕ್ಕ ಅದು.

ಈಗ ಪರೀಕ್ಷೆ. ಏಣಿ ಹತ್ತುವ ಮೊದಲು ಅಂಗಳಕ್ಕೆ ಇಳಿಯಿರಿ. ಬೆಳಗ್ಗೆ ಏಳೂವರೆ ಎಂಟರ ಹೊತ್ತಿಗೆ, ಬಿಸಿಲು ಅಡ್ಡಲಾಗಿ ಬೀಳುವಾಗ, ಮನೆಯಿಂದ ದೂರ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ಆ ಗೆರೆ ನೆಟ್ಟಗಿದೆಯಾ, ನಡುವೆ ಎಮ್ಮೆ ಬೆನ್ನಿನ ಹಾಗೆ ತಗ್ಗಿದೆಯಾ? ಆಮೇಲೆ ಹೆಂಚಿನ ಸಾಲುಗಳನ್ನು ನೋಡಿ. ಒಂದೇ ಕಡೆ ಹೊಂಡದ ಹಾಗೆ ನೆರಳು ಕೂತಿದ್ದರೆ ಅಲ್ಲಿ ಒಂದೋ ಎರಡೋ ಪಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ, ರೀಪು ಹೊರುವ ಮರ) ಸೋತಿದೆ. ಸಾಲುಗಳು ಅಲೆಅಲೆಯಾಗಿ ಕಂಡರೆ ರೀಪು ಸೋತಿದೆ. ನೆತ್ತಿಯೇ ಬಾಗಿದ್ದರೆ ವಿಷಯ ದೊಡ್ಡದು. ಸೂರಿನ ಗೆರೆಯನ್ನೂ ಹೀಗೇ ನೋಡಿ, ಅನುಮಾನ ಬಂದರೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ.

ಬಾಗಿದ್ದೆಲ್ಲ ಅಪಾಯ ಅಂತ ಅಲ್ಲ. ಹಳೆ ಮರ ಭಾರಕ್ಕೆ ಸ್ವಲ್ಪ ಬಾಗಿ ಹಾಗೇ ನಿಂತುಬಿಡುತ್ತದೆ. ಅಪ್ಪನನ್ನು ಕೇಳಿ, ಈ ತಗ್ಗು ಮೊದಲಿಂದ ಇತ್ತಾ, ಈಚೆಗೆ ಬಂದದ್ದಾ? ಹಳೆ ಮದುವೆ ಫೋಟೊ ಇದ್ದರೆ ತೆಗೆದು ನೋಡಿ, ಹಿಂದೆ ಮಾಡು ಕಾಣುತ್ತದೆ. ಸುಮ್ನೆ ಹೇಳುತ್ತಿಲ್ಲ, ನಾನು ಎಷ್ಟೋ ಸಲ ಹೀಗೇ ತೀರ್ಮಾನಕ್ಕೆ ಬಂದಿದ್ದೇನೆ. 20 ವರ್ಷದಿಂದ ಹಾಗೇ ಇರುವ ತಗ್ಗು ಬೇರೆ, ಎರಡು ವರ್ಷದಲ್ಲಿ ಬಂದ ತಗ್ಗು ಬೇರೆ.

ತಗ್ಗಿನಿಂದ ಇನ್ನೊಂದು ತಾಪತ್ರಯ ಇದೆ. ಮಂಗಳೂರು ಹೆಂಚು ನೀರನ್ನು ತಡೆಯುವುದು ಇಳಿಜಾರಿನ ಬಲದಿಂದ. ಮಲೆನಾಡಿನ ಮಳೆಗೆ 30 ಡಿಗ್ರಿಗಿಂತ ಕಮ್ಮಿ ಇಳಿಜಾರು ನಂಬುವಂಥದ್ದಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಪಾಲೂ ಇಲ್ಲ. ಪೇಟೆಯ ಮೇಸ್ತ್ರಿ ಕೊಟ್ಟ ಇಳಿಜಾರು ತೀರ್ಥಹಳ್ಳಿ, ಹೊಸನಗರದ ಕಡೆ ಸೋರುವುದಕ್ಕೆ ಕಾರಣ ಇದೇ. ಮಾಡು ಬಾಗಿದ ಕಡೆ ಇಳಿಜಾರು ಕಮ್ಮಿಯಾಗಿ, ಗಾಳಿ ಬೀಸಿದಾಗ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಹತ್ತುತ್ತದೆ. ಅಲ್ಲಿ ಹೆಂಚು ಎಷ್ಟು ಸಲ ಕೈಯಾಡಿಸಿದರೂ ಅಷ್ಟೇ. ಒಂದೇ ಜಾಗ ಮೂರು ವರ್ಷದಿಂದ ರಿಪೇರಿ ಆದಮೇಲೂ ಸೋರುತ್ತಿದ್ದರೆ ಅಪ್ಪನ ಮಾತು ಬಿಟ್ಟು ಮರ ನೋಡಿ. ಪ್ರತಿ ವರ್ಷ ಹೊಸ ಹೊಸ ಜಾಗದಲ್ಲಿ ಸೋರುತ್ತಿದ್ದರೆ ಅಪ್ಪನ ಮಾತೇ ಸರಿ ಇರಬಹುದು, ಅದು ಮಂಗನ ಕೆಲಸ.

ಆಮೇಲೆ ಅಟ್ಟ ಹತ್ತಿ. ಒಂದು ಟಾರ್ಚು, ಒಂದು ಉದ್ದನೆ ಸ್ಕ್ರೂಡ್ರೈವರ್, ಒಂದು ಸೀಮೆಸುಣ್ಣ. ಮಧ್ಯಾಹ್ನ ಹತ್ತಿ, ಟಾರ್ಚು ಆರಿಸಿ ಐದು ನಿಮಿಷ ಸುಮ್ಮನೆ ಕೂರಿ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಹೆಂಚಿನ ಸಂದಿಯ ಸಣ್ಣ ಗೆರೆ ಮಾಮೂಲಿ, ದುಂಡಗೋ ಮೂರುಮೂಲೆಯಾಗೋ ಕಂಡರೆ ಅಲ್ಲಿ ಒಡೆದಿದೆ. ಹನಿ ಬೀಳುವ ಜಾಗದ ಮೇಲೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ಪಕಾಸಿನ ಮೈ ಹಿಡಿದು ಇಳಿಯುತ್ತಾ ಬಂದು ಎಲ್ಲೋ ರೀಪು ಅಡ್ಡ ಸಿಕ್ಕ ಕಡೆ ಹನಿಯುತ್ತದೆ. ಕಲೆ ಹಿಡಿದುಕೊಂಡು ಮೇಲಕ್ಕೆ ಹೋಗಿ, ನಾಲ್ಕೈದು ಅಡಿ ಮೇಲೆ ಸಿಗಬಹುದು. ಮಳೆ ಬರುವಾಗಲೇ ಹತ್ತಿ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಬೇಸಿಗೆಯಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

ಸ್ಕ್ರೂಡ್ರೈವರ್ ತಂದದ್ದು ಮರ ಚುಚ್ಚುವುದಕ್ಕೆ. ನಡುವೆ ಅಲ್ಲ, ಪಕಾಸಿನ ಕಾಲಿನ ಹತ್ತಿರ. ಅಂದರೆ ಪಕಾಸು ಗೋಡೆಯ ಮೇಲೆ ಕೂರುವ ಕಡೆ, ಗೋಡೆಯ ಒಳಗೆ ಸಿಕ್ಕಿಕೊಂಡಿರುವ ಕಡೆ. ಮರ ಮೊದಲು ಹಾಳಾಗುವುದು ಅಲ್ಲೇ. ಜಂಬಿಟ್ಟಿಗೆ ಗೋಡೆ ನೀರು ಎಳೆದುಕೊಂಡು ತಿಂಗಳುಗಟ್ಟಲೆ ಒದ್ದೆ ಇರುತ್ತದೆ, ಮರದ ತುದಿಗೆ ಗಾಳಿ ಸಿಗುವುದಿಲ್ಲ, ಒರಲೆಗೂ (ಗೆದ್ದಲಿಗೂ) ಅದೇ ದಾರಿ. ನಾನು ಈ ಕೆಲಸ ಕಲಿಯುವ ಕಾಲದಲ್ಲಿ ಒಂದು ಮನೆಗೆ ಹೋಗಿ ಹೆಂಚೆಲ್ಲ ಹಳೆಯದಾಗಿದೆ, ಹೊಸದು ಹಾಕಿಸಿ ಅಂತ ದೊಡ್ಡದಾಗಿ ಹೇಳಿ ಬಂದೆ. ಅವರು ಹಾಕಿಸಿದರು. ಎರಡನೇ ಮಳೆಗಾಲಕ್ಕೆ ಹಿಂಭಾಗದ ಮಾಡು ಅರ್ಧ ಅಡಿ ಕೂತಿತು. ಪಕಾಸುಗಳ ಕಾಲು ಗೋಡೆಯೊಳಗೆ ಪುಡಿಯಾಗಿತ್ತು, ನಾನು ಚುಚ್ಚಿಯೇ ನೋಡಿರಲಿಲ್ಲ. ಆ ಮನೆಯವರು ನನಗೆ ಒಂದು ಮಾತೂ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ಕಾಲು ಚುಚ್ಚುತ್ತೇನೆ, ಹೆಂಚು ಆಮೇಲೆ.

ಚುಚ್ಚಿದಾಗ ಒಂದೆರಡು ಮಿಲಿಮೀಟರ್ ಹೋಗಿ ನಿಂತರೆ ಚೇಗು, ಅಂದರೆ ಮರದ ಒಳತಿರುಳು, ಗಟ್ಟಿ ಇದೆ. ಹೊರಗಿನ ಬಿಳಿ ಭಾಗವನ್ನು ಹುಳ ತಿಂದು ಮುಗಿಸಿ, ಒಳಗಿನ ಚೇಗು ಕಬ್ಬಿಣದ ಹಾಗಿರುವ ಹೊನ್ನೆ, ಮತ್ತಿ, ಹೆಬ್ಬಲಸಿನ ಪಕಾಸುಗಳು ಬೇಕಾದಷ್ಟಿವೆ. ನೋಡಲು ಭಯಂಕರ, ಕೆಲಸಕ್ಕೆ ಏನೂ ತೊಂದರೆ ಇಲ್ಲ. ಅರ್ಧ ಇಂಚು, ಮುಕ್ಕಾಲು ಇಂಚು ಸಲೀಸಾಗಿ ಇಳಿದರೆ ಆ ಮರ ಹೋಯಿತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿಯೂ ನೋಡಿ. ಗಟ್ಟಿ ಮರ ಠಣ್ ಅನ್ನುತ್ತದೆ, ಒಳಗೆ ಟೊಳ್ಳಾದದ್ದು ಬೊದ್ ಅನ್ನುತ್ತದೆ. ಎರಡು ಸಲ ತಟ್ಟಿದರೆ ನಿಮಗೇ ವ್ಯತ್ಯಾಸ ಗೊತ್ತಾಗುತ್ತದೆ.

ಮರದಲ್ಲಿ ತೂತು ಕಂಡ ಕೂಡಲೇ ಕುಟ್ಟೆ ಹಿಡಿದಿದೆ ಅಂತ ಗಾಬರಿಯಾಗುವವರು ಬಹಳ ಜನ. ತೂತು ಹಳೆಯದೂ ಆಗಿರಬಹುದು, ಹುಳ ಎಂದೋ ಹಾರಿಹೋಗಿರಬಹುದು. ಅಟ್ಟ ಗುಡಿಸಿ, ಅನುಮಾನದ ಮರದ ಅಡಿಗೆ ಹಳೆ ಪೇಪರ್ ಹಾಸಿ ಬನ್ನಿ. ವಾರ ಬಿಟ್ಟು ನೋಡಿ. ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಈಗಲೂ ತಿನ್ನುತ್ತಿದೆ. ಒರಲೆಗೆ ಪೇಪರ್ ಬೇಡ, ಗೋಡೆ ಮೇಲೆ ಮಣ್ಣಿನ ದಾರಿ ಕಟ್ಟಿರುತ್ತದೆ. ಅದನ್ನು ಒಂದು ಕಡೆ ಮುರಿದು ಬಿಡಿ, ಎರಡು ಮೂರು ದಿನದಲ್ಲಿ ಮತ್ತೆ ಕಟ್ಟಿದರೆ ಜೀವಂತ ಇದೆ ಅಂತ.

ಇಲ್ಲಿ ನಿಮ್ಮ ಅಡುಗೆಮನೆ ವಿಷಯಕ್ಕೆ ಬರುತ್ತೇನೆ. ಒಂದು ಪ್ರಶ್ನೆ ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಸೌದೆ ಒಲೆ ನಿಂತು ಎಷ್ಟು ವರ್ಷ ಆಯಿತು? ಹಳೆ ಮನೆಯಲ್ಲಿ ಬೆಳಗ್ಗೆ ಸಂಜೆ ಏಳುತ್ತಿದ್ದ ಹೊಗೆ ಅಟ್ಟದ ಮರವನ್ನು ಒಣಗಿಸುತ್ತಿತ್ತು. ಮಸಿ ಹಿಡಿದ ಮರವನ್ನು ಹುಳ ಅಷ್ಟಾಗಿ ಮುಟ್ಟುವುದಿಲ್ಲ. ಗ್ಯಾಸ್ ಬಂದಮೇಲೆ ಮಸಿ ನಿಂತಿತು, ಅಟ್ಟದ ಬಿಸಿ ನಿಂತಿತು, ಜುಲೈ ಆಗಸ್ಟಿನ ತೇವ ಹಾಗೇ ಉಳಿಯಿತು. ಗ್ಯಾಸ್ ಬೇಡ ಅನ್ನುತ್ತಿಲ್ಲ ಮಾರಾಯರೇ, ಹೆಂಗಸರ ಶ್ವಾಸಕೋಶಕ್ಕಿಂತ ಪಕಾಸು ದೊಡ್ಡದಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ನೀವು ಮಾಡಬೇಕು, ಗಾಳಿ ಆಡುವ ಹಾಗೆ ಅಟ್ಟದ ಕಿಂಡಿ ತೆರೆದಿಡಬೇಕು, ಮರಕ್ಕೆ ಗೇರೆಣ್ಣೆಯನ್ನೋ ಅಂಗಡಿಯಲ್ಲಿ ಸಿಗುವ ಮರದ ಔಷಧಿಯನ್ನೋ ಹಚ್ಚಬೇಕು. ಗೇರೆಣ್ಣೆ ಹಚ್ಚುವವರು ಕೈಗೆ ಗ್ಲೌಸ್ ಹಾಕಲೇಬೇಕು, ಮೈಗೆ ತಾಗಿದರೆ ಸುಟ್ಟ ಗಾಯ ಆಗುತ್ತದೆ.

ಅಡುಗೆಮನೆ ಸೋರುವುದಕ್ಕೆ ಇನ್ನೂ ಸಾದಾ ಕಾರಣಗಳಿವೆ. ಎಷ್ಟೋ ಮನೆಯಲ್ಲಿ ಅಡುಗೆಮನೆ ಹಿಂದಿನಿಂದ ಎಳೆದದ್ದು, ಅದರ ಮಾಡು ದೊಡ್ಡ ಮಾಡಿಗಿಂತ ಚಪ್ಪಟೆ, ಮೇಲಿನ ಮಾಡಿನ ನೀರೆಲ್ಲ ಅದರ ಮೇಲೇ ಬೀಳುತ್ತದೆ. ಇಲ್ಲವೇ ಎರಡು ಮಾಡು ಕೂಡುವ ಒಳಮೂಲೆಯ ತಗಡು ತುಕ್ಕು ಹಿಡಿದು ಜರಡಿ ಆಗಿರುತ್ತದೆ. ಹೆಂಚು ಮುಚ್ಚಿಕೊಂಡಿರುವುದರಿಂದ ಆ ತಗಡು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗೆ ಕೊಳವೆ ಸುತ್ತ, ಗಾಜಿನ ಹೆಂಚಿನ ಸುತ್ತ ಕೂಡ ನೋಡಿ. ನೆತ್ತಿಯ ಮೂಲೆಹೆಂಚಿಗೆ ಮೆತ್ತಿದ ಸಿಮೆಂಟು ಬಿರುಕು ಬಿಟ್ಟಿದ್ದರೆ ಅದೊಂದೇ ಸಾಕು, ಮೂರು ಕೋಣೆ ಸೋರಿಸುತ್ತದೆ. ಇವೆಲ್ಲ ಎರಡು ದಿನದ ಕೆಲಸ. ಇದಕ್ಕೆ ಮಾಡು ಬಿಚ್ಚಿದರೆ ನೆಗಡಿಗೆ ಮೂಗು ಕುಯ್ದ ಹಾಗೆ.

ಹೆಂಚಿನದ್ದೂ ಸ್ವಲ್ಪ ಹೇಳುತ್ತೇನೆ. ನಾಲ್ಕು ಬೇರೆ ಬೇರೆ ಕಡೆಯಿಂದ ಒಂದೊಂದು ಹೆಂಚು ಇಳಿಸಿ. ಬೆರಳ ಗೆಣ್ಣಿನಿಂದ ತಟ್ಟಿ, ಗಂಟೆ ಥರ ಕೇಳಿಸಬೇಕು. ಹಿಂದಿನ ಮೈ ಉಜ್ಜಿದರೆ ಕೆಂಪು ಪುಡಿ ಕೈಗೆ ಬರುತ್ತದಾ ನೋಡಿ. ರೀಪಿಗೆ ಸಿಕ್ಕಿಕೊಳ್ಳುವ ಮೂಗು ಮುರಿದಿದೆಯಾ ನೋಡಿ, ಮೂಗು ಹೋದ ಹೆಂಚು ಮಳೆಗಾಲಕ್ಕೊಂದು ಬೆರಳಿನಷ್ಟು ಜಾರುತ್ತದೆ. ಪಕ್ಕಾ ಗೊತ್ತಾಗಬೇಕು ಅಂದರೆ ಒಣಗಿದ ಹೆಂಚನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಒರೆಸಿ, ಮತ್ತೆ ತೂಗಿ. ಎರಡೂವರೆ ಕೆಜಿ ಹೆಂಚು ಮೂರು ಕೆಜಿ ದಾಟಿದರೆ ಅದು ಹೆಂಚಲ್ಲ, ಸ್ಪಂಜು. ಇದು ಯಾಕೆ ಮುಖ್ಯ ಅಂದರೆ, 2000 ಚದರಡಿ ಮಾಡಿಗೆ ಸುಮಾರು 3000 ಹೆಂಚು ಬೇಕು, ಒಣಗಿದಾಗಲೇ ಏಳು ಟನ್ ಮೇಲೆ. ಅಷ್ಟೂ ಹೆಂಚು ನೀರು ಕುಡಿದರೆ ಇನ್ನೂ ಒಂದು ಟನ್ನಿಗಿಂತ ಜಾಸ್ತಿ ಭಾರ ಅದೇ ಪಕಾಸಿನ ಮೇಲೆ, ಅದೂ ಮರ ಒದ್ದೆಯಾಗಿ ಮೆತ್ತಗಾಗಿರುವ ತಿಂಗಳಲ್ಲಿ. ಮಾಡು ಕೂರುವುದು ಆಗಸ್ಟಿನಲ್ಲಿ, ಏಪ್ರಿಲ್‌ನಲ್ಲಿ ಅಲ್ಲ. ಪಾಚಿ ಕಂಡರೆ ಹೆಂಚು ಹಾಳಾಗಿದೆ ಅಂತ ಅರ್ಥ ಅಲ್ಲ. ಬೇಸಿಗೆಯಲ್ಲಿ ಗಟ್ಟಿ ಬ್ರಷ್‌ನಿಂದ ಕೆರೆದು ತೆಗೆಯಿರಿ, ಪ್ರೆಷರ್ ಪಂಪಿನ ನೀರು ಹೊಡೆಯಬೇಡಿ, ಹೆಂಚಿನ ಗಟ್ಟಿ ಮೈಯೇ ಎದ್ದುಹೋಗುತ್ತದೆ.

ಹಾಗಾದರೆ ಬಿಚ್ಚುವುದು ಯಾವಾಗ? ನನ್ನ ಲೆಕ್ಕ ಹೇಳುತ್ತೇನೆ, ಇದು ಪುಸ್ತಕದ್ದಲ್ಲ, ನೋಡಿ ನೋಡಿ ಬಂದದ್ದು. ರೀಪು ಮಾತ್ರ ಹೋಗಿದ್ದರೆ, ಅದರಲ್ಲೂ ಅಡಕೆ ದಬ್ಬೆಯ (ಸೀಳಿದ ಅಡಕೆ ಮರದ) ರೀಪು ಇದ್ದರೆ, ಹೆಂಚಿಳಿಸಿ ರೀಪು ಬದಲಿಸಿ ಅದೇ ಹೆಂಚು ಹೊದೆಸಿ. ಇದನ್ನು ಮಾಡು ಬದಲಿಸುವುದು ಅನ್ನುವುದಿಲ್ಲ. ಹತ್ತು ಪಕಾಸಿನಲ್ಲಿ ಒಂದೆರಡು ಹೋಗಿದ್ದರೆ ಪಕ್ಕಕ್ಕೆ ಜೋಡಿ ಪಕಾಸು ಕೊಟ್ಟು ಬೋಲ್ಟ್ ಬಿಗಿಸಿ. ಮೂರೋ ಅದಕ್ಕಿಂತ ಜಾಸ್ತಿಯೋ ಹೋಗಿದ್ದರೆ ಆ ಕಡೆಯ ಮಾಡು ಪೂರ್ತಿ ಬಿಚ್ಚುವುದೇ ಒಳ್ಳೆಯದು, ಉಳಿದವೂ ಅದೇ ವಯಸ್ಸಿನವು, ಅದೇ ತೇವ ಕುಡಿದವು. ನೆತ್ತಿಯ ತೊಲೆ ಹೋಗಿದ್ದರೆ, ಪಕಾಸಿನ ಕಾಲು ಕೂರುವ ಗೋಡೆ ಮೇಲಿನ ಅಡ್ಡಮರ ಉದ್ದಕ್ಕೂ ಲಡ್ಡಾಗಿದ್ದರೆ, ಅಥವಾ ಸೂರಿನ ಅಡಿಯಲ್ಲಿ ಗೋಡೆಗೆ ಅಡ್ಡ ಬಿರುಕು ಬಂದು ಗೋಡೆಯ ತಲೆ ಹೊರಕ್ಕೆ ವಾಲಿದ್ದರೆ ಇನ್ನು ಯೋಚನೆ ಬೇಡ. ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತಿದೆ ಅಂತ ಅದು. ಈ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಕೋಣೆಯಲ್ಲಿ ಮಲಗಬೇಡಿ, ತಕ್ಷಣ ಊರುಗಂಬ ಕೊಡಿಸಿ, ಮಳೆ ನಿಂತಮೇಲೆ ಬಿಚ್ಚಿ.

ಈಗ ನಿಮ್ಮ ತಮ್ಮನ ಶೀಟ್. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಮಂಗನ ಕಾಟ ಇರುವ ಕಡೆ ಹೆಂಚು ಉಳಿಸುವುದು ದೊಡ್ಡ ತಪಸ್ಸು, ಕೈಯಾಡಿಸಲು ಬರುವ ಜನ ಈಗ ಸಿಗುವುದಿಲ್ಲ, ಬಂದವರಿಗೂ ಹೆಂಚಿನ ಮೇಲೆ ಎಲ್ಲಿ ಕಾಲಿಡಬೇಕು ಅಂತ ಗೊತ್ತಿರುವುದಿಲ್ಲ, ಹತ್ತು ಸರಿ ಮಾಡಲು ಹೋಗಿ ಇಪ್ಪತ್ತು ಒಡೆದು ಇಳಿಯುತ್ತಾರೆ. ಆದರೆ ಶೀಟ್ ಮರದ ಕಾಯಿಲೆಗೆ ಮದ್ದಲ್ಲ. ಲಡ್ಡಾದ ರೀಪಿಗೆ ಸ್ಕ್ರೂ ಹೊಡೆದರೆ ಅದು ಏನನ್ನು ಹಿಡಿದುಕೊಳ್ಳುತ್ತದೆ? ಹೆಂಚು ಚದರ ಮೀಟರಿಗೆ 40 ಕೆಜಿಯ ಹತ್ತಿರ ತೂಗುತ್ತದೆ, ಶೀಟ್ ನಾಲ್ಕೈದು ಕೆಜಿ. ಹೆಂಚಿನ ಮಾಡನ್ನು ಅದರ ಭಾರವೇ ಹಿಡಿದು ಕೂರಿಸಿರುತ್ತದೆ, ಶೀಟನ್ನು ಗಾಳಿ ಎತ್ತುತ್ತದೆ. ಮೇ ತಿಂಗಳ ಗುಡುಗು ಮಳೆಗೆ ಶೀಟ್ ಹಾರಿ ಪಕ್ಕದ ತೋಟದಲ್ಲಿ ಬಿದ್ದದ್ದು ನೀವೂ ನೋಡಿರುತ್ತೀರಿ, ಅಲ್ವಾ? ಹಾಕುವುದೇ ಆದರೆ ಕಬ್ಬಿಣದ ಚೌಕಟ್ಟು ಮಾಡಿಸಿ, ಅದನ್ನು ಗೋಡೆಗೆ ಗಟ್ಟಿಯಾಗಿ ಬಿಗಿಸಿ, ಸ್ಕ್ರೂ ಅಡಿಯ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಒಡೆಯುತ್ತದೆ ಅನ್ನುವುದು ನೆನಪಿರಲಿ. ಮಳೆ ಸದ್ದಿಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ, ಚಳಿಗಾಲದ ಬೆಳಗ್ಗೆ ಶೀಟಿನ ಒಳಮೈ ಬೆವರಿ ಹನಿ ಬೀಳುತ್ತದೆ, ಆಗ ಮತ್ತೆ ಸೋರುತ್ತಿದೆ ಅಂತ ನನಗೇ ಬರೆಯುತ್ತೀರಿ. ಹಳೆ ಸಿಮೆಂಟ್ ಶೀಟ್ ಕೊಟ್ಟಿಗೆ ಮೇಲೆ ಇದ್ದರೆ ಅದನ್ನು ಒಡೆದು ಇಳಿಸಬೇಡಿ, ಗರಗಸ ಹಾಕಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ.

ನಡುವಿನ ದಾರಿ ಒಂದಿದೆ, ಈಗ ನಮ್ಮ ಕಡೆ ಬಹಳ ಜನ ಹಿಡಿದಿದ್ದಾರೆ. ಕೆಳಗೆ ಶೀಟ್, ಮೇಲೆ ಹೆಂಚು. ಹೆಂಚು ಒಡೆದರೂ ಮನೆಯೊಳಗೆ ನೀರಿಲ್ಲ, ಮನೆ ತಂಪು, ಸದ್ದೂ ಇಲ್ಲ. ನನಗೂ ಇದೇ ಇಷ್ಟ. ಒಂದೇ ಎಚ್ಚರ. ಶೀಟಿನ ಮೇಲೆ ಅಡ್ಡ ರೀಪನ್ನು ನೇರವಾಗಿ ಕೂರಿಸಿದರೆ ಅದು ಅಣೆಕಟ್ಟು ಆಗುತ್ತದೆ. ಒಳಗೆ ಇಳಿದ ನೀರು ರೀಪಿನ ಹಿಂದೆ ನಿಂತು, ಕಸ ಕೂಡಿ, ರೀಪು ಕೊಳೆಯುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಮೊದಲು ಇಳಿಜಾರಿನ ಉದ್ದಕ್ಕೆ ಪಟ್ಟಿ ಹೊಡೆದು ಅದರ ಮೇಲೆ ಅಡ್ಡ ರೀಪು ಹೊಡೆಯಬೇಕು, ಆಗ ನೀರು ಸೂರಿನವರೆಗೆ ಹರಿದು ಹೋಗುತ್ತದೆ. ಮೇಸ್ತ್ರಿ ಇದು ಬೇಡ, ಖರ್ಚು ಜಾಸ್ತಿ ಅಂದರೆ ಬೇರೆ ಮೇಸ್ತ್ರಿ ಹುಡುಕಿ. ಮತ್ತೆ ಒಟ್ಟು ಭಾರ ಮೊದಲಿಗಿಂತ ಜಾಸ್ತಿ ಆಗುವುದರಿಂದ ಹಳೆ ಪಕಾಸಿನ ಮೇಲೆ ಇದನ್ನು ಹೇರುವ ಮೊದಲು ಮೇಲೆ ಹೇಳಿದ ಚುಚ್ಚುವ ಪರೀಕ್ಷೆ ಆಗಿರಲೇಬೇಕು.

ಕೆಲಸಕ್ಕೆ ಸಮಯ ಫೆಬ್ರವರಿ, ಮಾರ್ಚ್. ದೀಪಾವಳಿ ಮುಗಿದ ಕೂಡಲೇ ಅಂತ ನೀವು ಅಂದುಕೊಳ್ಳಬಹುದು, ಆದರೆ ಆಗ ಅಡಕೆ ಕೊಯ್ಲು, ಆಳು ಸಿಗುವುದಿಲ್ಲ. ಏಪ್ರಿಲ್ ಕೊನೆಗೆ ಹೋದರೆ ಅಡ್ಡಮಳೆ ಬಿಚ್ಚಿದ ಮಾಡಿನ ಮೇಲೇ ಬೀಳುತ್ತದೆ. ಒಂದು ಸಲಕ್ಕೆ ಒಂದೇ ಕಡೆಯ ಮಾಡು ಬಿಚ್ಚಿ, ಟಾರ್ಪಾಲು ಕೈಯಲ್ಲೇ ಇರಲಿ. ಮರ ನಿಮ್ಮ ಜಮೀನಿನದ್ದೇ ಆದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಆ ಜಾತಿಗೆ ಪರವಾನಗಿ ಬೇಕಾ ಅಂತ ಕೇಳಿಕೊಳ್ಳಿ. ಹಸಿ ಮರ ಹಾಕಬೇಡಿ, ತಿರುಚಿಕೊಂಡು ಹೆಂಚು ಎಬ್ಬಿಸುತ್ತದೆ, ಈ ವರ್ಷ ಕಡಿಸಿ ಮುಂದಿನ ವರ್ಷ ಹಾಕಿದರೂ ನಷ್ಟವಿಲ್ಲ.

ಹೊಸ ಹೆಂಚು ಕೊಳ್ಳುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಎರಡು ನೂಲು ವ್ಯತ್ಯಾಸ ಇದ್ದರೂ ಅಲ್ಲೇ ಸೋರುತ್ತದೆ. ಹಾಗಾಗಿ ಹಳೆ ಹೆಂಚನ್ನೆಲ್ಲ ಒಂದು ಕಡೆಯ ಮಾಡಿಗೆ ಒಟ್ಟು ಮಾಡಿ, ಇನ್ನೊಂದು ಕಡೆಗೆ ಪೂರ್ತಿ ಹೊಸದು ಹಾಕಿ, ಬೆರೆಸಬೇಡಿ. ಉಳಿದ ಒಳ್ಳೆ ಹೆಂಚನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ, ಕೊಡಬೇಡಿ. 150 ಆದರೂ ಕೊಟ್ಟಿಗೆ ಹಿಂದೆ ನೆಟ್ಟಗೆ ನಿಲ್ಲಿಸಿ ಜೋಡಿಸಿಡಿ. ಮಂಗ ಮುಂದಿನ ವರ್ಷವೂ ಬರುತ್ತದೆ.